ರಾತ್ರಿ ಬಸ್ಸಿನಿಂದ ಇಳಿದು ನೇರ ಪಿಚ್ಚಿಗೆ ಹೋಗಬೇಡಿ

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಕ್ರಿಕೆಟ್ ಪಂದ್ಯಾಟಕ್ಕೆ 2003ರ ಬ್ಯಾಚಿನವರು ಹಾಕಿದ ಪೋಸ್ಟರ್ ಈಗಷ್ಟೇ ನೋಡಿದೆ. 2022ರ ಏಪ್ರಿಲ್ 24ರ ಭಾನುವಾರ, ಎಂಟು ಬ್ಯಾಚುಗಳ ತಂಡ, ಒಂದೇ ದಿನದಲ್ಲಿ ನಾಕೌಟ್, ಓವರ್ ಆರ್ಮ್ (ಭುಜದ ಮೇಲಿಂದ ಕೈ ಬೀಸುವ ಬೌಲಿಂಗ್), ಹೆವಿ ಬಾಲ್ (ಭಾರದ ಟೆನಿಸ್ ಚೆಂಡು), ಊಟದ ನಂತರ ಹಗ್ಗಜಗ್ಗಾಟ. ಅಡಿಯಲ್ಲಿ ಒಂದು ಸಾಲು: “ಬಹಳ ಸಮಯದ ನಂತರ ಸೇರುತ್ತಿದ್ದೇವೆ, ಅಭ್ಯಾಸಕ್ಕೆ ಸಮಯವಿಲ್ಲ, ಬೆಂಗಳೂರಿನವರು ರಾತ್ರಿ ಬಸ್ಸು ಹತ್ತಿ ನೇರ ಮೈದಾನಕ್ಕೆ ಬನ್ನಿ.” ಕೆಳಗೆ ನಲವತ್ತು ಮಂದಿ ಹೆಬ್ಬೆಟ್ಟು ಒತ್ತಿದ್ದಾರೆ. ಒಬ್ಬರಾದರೂ ಬೇಡ ಎನ್ನಬೇಕಲ್ಲ ಮಾರಾಯರೆ! ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಓದಿ.

ನಾನು 1996ರ ಬ್ಯಾಚು. 2021ರ ಫೆಬ್ರವರಿಯಲ್ಲಿ, ಕೋವಿಡ್ಡಿನ ಮೊದಲ ಅಲೆ ಇಳಿದು ಎಲ್ಲರೂ ಇನ್ನೇನು ಮುಗಿಯಿತು ಎಂದುಕೊಂಡಿದ್ದಾಗ, ಇದೇ ಪಂದ್ಯಾಟವನ್ನು ಇದೇ ರೀತಿಯಲ್ಲಿ ನಾವು ಮಾಡಿದ್ದೆವು. ಆ ಹನ್ನೊಂದು ತಿಂಗಳು ನಾನು ಮನೆಯಿಂದಲೇ ಕೆಲಸ ಮಾಡಿದವನು. ಮಂಚದಿಂದ ಮೇಜಿಗೆ ಹನ್ನೊಂದು ಹೆಜ್ಜೆ, ತಿಂಗಳಿಗೊಂದರಂತೆ. ಶನಿವಾರ ರಾತ್ರಿ ಮಂಡಿ ಮಡಚಿಕೊಂಡು ಒಂಬತ್ತು ಗಂಟೆ ಬಸ್ಸಿನಲ್ಲಿ ಕುಳಿತೆ. 6.40ಕ್ಕೆ ಇಳಿದು, ನಿಲ್ದಾಣದ ಎದುರು ಎರಡು ಬನ್ಸ್, ಒಂದು ಚಹಾ ಮುಗಿಸಿ 8.15ಕ್ಕೆ ಆರಂಭಿಕ ಆಟಗಾರನಾಗಿ ಕ್ರೀಸಿನಲ್ಲಿದ್ದೆ. ಮೂರನೇ ಚೆಂಡನ್ನು ಕವರ್ ಕಡೆಗೆ ತಳ್ಳಿ ಒಂದು ರನ್ ಓಡಿದೆ. ಎರಡನೆಯದಕ್ಕೆ ತಿರುಗಿ ಎಡಗಾಲು ಒತ್ತಿದ್ದೇ ತಡ, ಹಿಂದಿನಿಂದ ಮೀನಖಂಡಕ್ಕೆ ಯಾರೋ ಕಲ್ಲು ಬೀಸಿದ ಹಾಗೆ “ಟಪ್” ಎಂದಿತು. ಚೆಂಡನ್ನು ಕಾಲಿಗೇ ಎಸೆದರು ಎಂದುಕೊಂಡು ಬೈಯಲು ತಿರುಗಿದೆ. ಚೆಂಡು ಕೀಪರನ ಕೈಯಲ್ಲಿತ್ತು. ನನ್ನ ಹಿಂದೆ ಯಾರೂ ಇರಲಿಲ್ಲ.

ಅಲ್ಲಿಗೇ ಹೊರಗೆ ಬಂದಿದ್ದರೆ ಮೂರು ವಾರದಲ್ಲಿ ಮುಗಿಯುತ್ತಿತ್ತೋ ಏನೋ. ನಾನು ಬೈ ರನ್ನರ್ (ನನ್ನ ಬದಲು ಓಡುವವನನ್ನು) ಕೇಳಿದೆ. ಒಂಟಿ ಕಾಲಿನಲ್ಲಿ ಇನ್ನೂ ನಾಲ್ಕು ಚೆಂಡು ಆಡಿದೆ, ಒಂದು ಬೌಂಡರಿಯನ್ನೂ ಹೊಡೆದೆ. ಆ ಬೌಂಡರಿಯ ವಿಡಿಯೊ ಈಗಲೂ ಗುಂಪಿನಲ್ಲಿ ಓಡಾಡುತ್ತದೆ, ನನಗೆ ನಾಚಿಕೆ. ಹೊರಗೆ ಬಂದ ಮೇಲೆ ಇಬ್ಬರು ಗೆಳೆಯರು ಪ್ರೀತಿಯಿಂದ ಬಿಸಿ ಎಣ್ಣೆ ಹಾಕಿ ತಿಕ್ಕಿದರು. ಹರಿದ ಸ್ನಾಯುವನ್ನು ತಿಕ್ಕುವುದೆಂದರೆ ಒಳಗೆ ಸೋರುತ್ತಿರುವ ರಕ್ತಕ್ಕೆ ದಾರಿ ಮಾಡಿಕೊಟ್ಟಂತೆ. ಮೂರನೇ ದಿನಕ್ಕೆ ಮೊಣಕಾಲ ಕೆಳಗಿನಿಂದ ಹಿಮ್ಮಡಿಯವರೆಗೆ ನೇರಳೆ ಹಣ್ಣಿನ ಬಣ್ಣ. ಅಲ್ಟ್ರಾಸೌಂಡಿನಲ್ಲಿ ಮೀನಖಂಡದ ಒಳಮಗ್ಗುಲಿನ ಸ್ನಾಯು ಅರ್ಧ ಹರಿದದ್ದು ಕಂಡಿತು. ಇದಕ್ಕೆ ‘ಟೆನಿಸ್ ಲೆಗ್’ ಎಂದು ಹೆಸರು; ಹೆಚ್ಚಾಗಿ ಬರುವುದು ನಲವತ್ತರ ಆಸುಪಾಸಿನವರಿಗೆ, ಅಂದರೆ ನಮ್ಮಂಥವರಿಗೆ. ಏಳು ವಾರ ಕುಂಟಿದೆ.

ಆದ್ದರಿಂದ ಮೊದಲು ಇದನ್ನು ಬರೆದಿಟ್ಟುಕೊಳ್ಳಿ: ಮೈದಾನದಲ್ಲಿ ಯಾರಿಗಾದರೂ ಹೀಗೆ ಆದರೆ ಆಟ ಅಲ್ಲಿಗೆ ಮುಗಿಯಿತು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಬಟ್ಟೆಯ ಪಟ್ಟಿ, ಕಾಲು ಎತ್ತರಕ್ಕೆ. ಎರಡು ಮೂರು ದಿನ ಎಣ್ಣೆ, ಬಿಸಿ ಶಾಖ, ತಿಕ್ಕುವುದು ಏನೂ ಬೇಡ. ಹಿಮ್ಮಡಿಯ ಮೇಲಿನ ದಪ್ಪ ನರದಂಥ ಜಾಗದಲ್ಲಿ ಬೆರಳಿಟ್ಟಾಗ ಹಳ್ಳ ಸಿಕ್ಕಿದರೆ, ಅಥವಾ ಆ ಒಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಆಗದಿದ್ದರೆ, ಅದು ಬರೀ ಸ್ನಾಯುವಿನ ಮಾತಲ್ಲದಿರಬಹುದು, ಅಕಿಲಿಸ್ ಎಂಬ ಹಿಮ್ಮಡಿಯ ಹುರಿ ಹರಿದಿರುವ ಸಾಧ್ಯತೆ. ಅದೇ ದಿನ ಮೂಳೆ ವೈದ್ಯರ ಬಳಿಗೆ ಹೋಗಬೇಕು. ನಾಟಿ ಪಟ್ಟಿ ಕಟ್ಟುವವರ ಮೇಲೆ ನನಗೆ ಗೌರವವಿದೆ, ಆದರೆ ಇದು ಅವರ ಕೆಲಸವಲ್ಲ.

ಇನ್ನು ನನಗೆ ಉಪಯೋಗಕ್ಕೆ ಬಂದದ್ದು. 2021ರ ಏಪ್ರಿಲ್ 27ಕ್ಕೆ ಲಾಕ್‌ಡೌನ್ ಎಂದು ರಾಜ್ಯ ಮತ್ತೆ ಬಾಗಿಲು ಹಾಕಿತಲ್ಲ, ಆಗ ಫಿಸಿಯೋಥೆರಪಿಯೂ ನಿಂತಿತು. ಫಿಸಿಯೋಥೆರಪಿಸ್ಟ್ ಮೊಬೈಲ್ ವಿಡಿಯೊದಲ್ಲಿ ನೋಡಿ ಕೇಳಿದರು: “ಮನೆಯಲ್ಲಿ ಮೆಟ್ಟಿಲು ಇದೆಯೇ?” ಇತ್ತು. ಅಲ್ಲಿಂದ ಹಿಡಿದ ಮೆಟ್ಟಿಲನ್ನು ನಾನು ಇನ್ನೂ ಬಿಟ್ಟಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ, ಹಿಮ್ಮಡಿ ಗಾಳಿಯಲ್ಲಿ, ಒಂದು ಕೈ ಗೋಡೆಗೆ. ಎರಡೂ ಕಾಲಿನಿಂದ ಏರಬೇಕು, ಒಂದೇ ಕಾಲಿನಿಂದ ಇಳಿಯಬೇಕು. ಇಳಿಯುವಾಗ ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಕೆ. ಗುಟ್ಟು ಇರುವುದು ಏರುವುದರಲ್ಲಲ್ಲ, ಈ ನಿಧಾನದ ಇಳಿತದಲ್ಲಿ. ಮಂಡಿ ನೇರ ಇಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಗ್ಗಿಸಿ ಮತ್ತೆ 15ರಂತೆ ಮೂರು ಸಲ. ಬಗ್ಗಿಸಿದ್ದನ್ನು ಎಲ್ಲರೂ ಬಿಡುತ್ತಾರೆ. ಮೀನಖಂಡದ ಒಳಪದರದಲ್ಲಿರುವ ಸೋಲಿಯಸ್ ಸ್ನಾಯುವಿಗೆ ಕೆಲಸ ಸಿಗುವುದು ಅದರಿಂದಲೇ, ಬಿಡಬೇಡಿ. ಬೆಳಿಗ್ಗೆ ಹಾಲು ಉಕ್ಕುವಷ್ಟರಲ್ಲಿ ಒಂದು ಕಾಲು ಮುಗಿಯುತ್ತದೆ. ಹಾಲು ಎರಡು ಸಲ ಉಕ್ಕಿ ಚೆಲ್ಲಿದೆ, ಅದು ಬೇರೆ ವಿಷಯ.

ಇದಕ್ಕೆ ಕೆಲವು ‘ಆದರೆ’ಗಳಿವೆ. ಮೊದಲ ಎರಡು ವಾರ ಎರಡೂ ಕಾಲಿನಲ್ಲೇ ಇಳಿಯಿರಿ. ಹಿಮ್ಮಡಿಯ ಮೂಳೆ ಸೇರುವ ಜಾಗದಲ್ಲೇ ನೋವಿದ್ದವರು ಮೆಟ್ಟಿಲ ಮಟ್ಟದಿಂದ ಕೆಳಗೆ ಇಳಿಯಬೇಡಿ, ನೆಲದ ಮೇಲೆ ಮಾಡಿ. ಸ್ವಲ್ಪ ಎಳೆದಂತಾಗುವುದು ಸಹಜ, ಆದರೆ ಮರುದಿನ ಎದ್ದಾಗ ಮೊದಲ ಹೆಜ್ಜೆ ಹಿಂದಿನ ದಿನಕ್ಕಿಂತ ಬಿಗಿಯಾಗಿದ್ದರೆ ಅರ್ಧಕ್ಕೆ ಇಳಿಸಿ. ಕೋವಿಡ್ಡಿಗೆ ಸ್ಟಿರಾಯ್ಡ್ ತೆಗೆದುಕೊಂಡವರು, ಅದರಲ್ಲೂ ಜತೆಗೆ ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯೊಟಿಕ್ ತಿಂದವರು, ವೈದ್ಯರನ್ನು ಕೇಳದೆ ಜಿಗಿಯುವ ಯಾವುದಕ್ಕೂ ಕೈಹಾಕಬೇಡಿ. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನು ಈ ಔಷಧಗಳು ದುರ್ಬಲ ಮಾಡುವುದುಂಟು.

ನೀವು ಹೇಳಬಹುದು, ನಾನು ದಿನಾ ವಾಕಿಂಗ್ ಹೋಗುತ್ತೇನೆ ಎಂದು. ನಮ್ಮ ವಿಕೆಟ್ ಕೀಪರ್ ಕೂಡ ಹಾಗೆಯೇ ಹೇಳಿದ್ದ. ಉಸಿರು ಮೂರು ನಾಲ್ಕು ವಾರದಲ್ಲಿ ಸುಧಾರಿಸುತ್ತದೆ, ಸ್ನಾಯು ಅದರ ಹಿಂದೆಯೇ ಬರುತ್ತದೆ, ಆದರೆ ಆ ಹುರಿಗೆ ತಿಂಗಳುಗಳು ಬೇಕು. ಮೋಸ ಆಗುವುದು ಇಲ್ಲೇ: ಏದುಸಿರು ಬರುವುದಿಲ್ಲ ಎಂದು ಧೈರ್ಯ ಬರುತ್ತದೆ, ಕಾಲು ಇನ್ನೂ ಲಾಕ್‌ಡೌನಿನಲ್ಲೇ ಇರುತ್ತದೆ. ಈಗ ನಮ್ಮ ಬ್ಯಾಚಿನಲ್ಲಿ ಒಂದು ನಿಯಮವಿದೆ. ಒಂದೇ ಕಾಲಿನಲ್ಲಿ ನಿಂತು, ನಿಲ್ಲಿಸದೆ 20 ಸಲ ಹಿಮ್ಮಡಿ ಎತ್ತಿದವನಿಗೆ ಮಾತ್ರ ಹನ್ನೊಂದರಲ್ಲಿ ಸ್ಥಾನ. ಮೊದಲ ಸಲ ಪರೀಕ್ಷೆ ಮಾಡಿದಾಗ ಹದಿನಾಲ್ಕರಲ್ಲಿ ನಾಲ್ಕೇ ಮಂದಿ ಗೆದ್ದರು. ಶಾಲೆಯಲ್ಲಿ ಜಿಲ್ಲಾ ಮಟ್ಟಕ್ಕೆ ಓಡಿದ್ದವನಿಗೆ ಒಂಬತ್ತಕ್ಕೇ ಕಾಲು ನಡುಗಿತು. ಈ ನಿಯಮ ನಮ್ಮದು, ವೈದ್ಯರದಲ್ಲ. ನಿಮಗೆ 15 ಸಾಕು ಎನಿಸಿದರೆ 15 ಇಡಿ, ಆದರೆ ಒಂದು ಗೆರೆ ಇರಲಿ.

ದಿನಾಂಕದ ವಿಷಯ. ಇಂದಿನಿಂದ (ಏಪ್ರಿಲ್ 10) ಆರು ವಾರ ಎಣಿಸಿದರೆ ಮೇ 22, ಭಾನುವಾರ. ಶಾಲೆ ಈ ಸಲ ಮೇ 16ಕ್ಕೇ ತೆರೆದರೂ ಭಾನುವಾರ ಮೈದಾನ ಖಾಲಿಯೇ. ಅದಕ್ಕಿಂತ ಆಚೆ ಹೋದರೆ ಮಳೆ, ಈಚೆ ಬಂದರೆ ಮೀನಖಂಡ. ಆರು ವಾರದಲ್ಲಿ ಹುರಿ ಪೂರ್ತಿ ಗಟ್ಟಿಯಾಗುವುದಿಲ್ಲ, ಆದರೆ ಎರಡು ವಾರಕ್ಕೂ ಆರು ವಾರಕ್ಕೂ ಅಜಗಜಾಂತರ. ಎರಡು ವಾರ ಚುರುಕು ನಡಿಗೆ, ಎರಡು ವಾರ ನಿಧಾನದ ಓಟ, ಐದನೇ ವಾರ ಮುಕ್ಕಾಲು ವೇಗ, ಆರನೇ ವಾರದಲ್ಲಿ ಮಾತ್ರ ಓಡಿ ನಿಂತು ತಿರುಗುವುದು. ನಮ್ಮನ್ನು ಕೆಡವುವುದು ಓಟವಲ್ಲ, ತಿರುವು.

ಶಾಮಿಯಾನಕ್ಕೆ ಮುಂಗಡ ಕೊಟ್ಟಾಗಿದೆ, ಮುಂದೂಡಲು ಆಗುವುದಿಲ್ಲ ಎಂದರೆ ಆಟವನ್ನಾದರೂ ಬದಲಿಸಿ. ಅಂಡರ್ ಆರ್ಮ್ (ಕೈಯನ್ನು ಕೆಳಗಿನಿಂದ ಬೀಸುವ ಬೌಲಿಂಗ್) ಇಡಿ. ನಮ್ಮ ಕರಾವಳಿಯವರಿಗೆ ಅದು ಹೊಸದೇನಲ್ಲ. ಮೈದಾನ ಚಿಕ್ಕದು, ಓಟ ಕಡಿಮೆ, ಭುಜ ಉಳಿಯುತ್ತದೆ. ಅಂಡರ್ ಆರ್ಮ್ ಎಂದರೆ ಮಕ್ಕಳಾಟ ಎಂದು ಮೂಗು ಮುರಿಯುವವರನ್ನು ಒಂದು ಓವರ್ ಆಡಿಸಿ ನೋಡಿ. ಓವರ್ ಆರ್ಮೇ ಬೇಕು ಎಂಬ ಹಟವಿದ್ದರೆ ಆರು ಓವರಿನ ಪಂದ್ಯ, ಒಬ್ಬನಿಗೆ ಒಂದೇ ಓವರ್, 40 ದಾಟಿದವರಿಗೆ ಎರಡನೇ ರನ್ ಇಲ್ಲ. ನಾಕೌಟ್ ಆದರೆ ಫೈನಲಿಗೆ ಹೋದ ತಂಡ ಒಂದೇ ದಿನದಲ್ಲಿ ಮೂರು ಪಂದ್ಯ ಆಡಬೇಕಾಗುತ್ತದೆ, ಪಂದ್ಯಗಳ ನಡುವೆ ಮೈ ತಣ್ಣಗಾಗಿ ಮತ್ತೆ ಏಳಬೇಕು. ಆ ಏಳುವ ಹೊತ್ತೇ ಅಪಾಯ. ಪ್ರತಿ ಪಂದ್ಯಕ್ಕೂ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದನ್ನು ಅಂಪೈರೇ ಕಡ್ಡಾಯ ಮಾಡಲಿ. ಕುಳಿತು ಕಾಲ್ಬೆರಳು ಮುಟ್ಟುವ ಪಿಟಿ ಮೇಷ್ಟ್ರ ಕಾಲದ ಕಸರತ್ತಲ್ಲ. ಫುಟ್‌ಬಾಲಿನವರ ‘ಫಿಫಾ 11+’ ಎಂಬ 20 ನಿಮಿಷದ ಕ್ರಮವಿದೆ, ನಾನು ಅದರಿಂದ ಅರ್ಧ ಕದ್ದಿದ್ದೇನೆ: ನಿಧಾನದ ಓಟ, ಸೊಂಟ ತಿರುಗಿಸುತ್ತ ಓಟ, ಪಕ್ಕಕ್ಕೆ ಓಟ, ಒಂದು ಕಾಲಿನ ನಿಲುವು, ಕೊನೆಗೆ ಎರಡು ಮೂರು ಜೋರಿನ ಓಟ.

ಚೆಂಡು. ಹೆವಿ ಬಾಲ್ ಸಾಮಾನ್ಯ ಟೆನಿಸ್ ಚೆಂಡಿನ ಸುಮಾರು ಎರಡು ಪಟ್ಟು ತೂಗುತ್ತದೆ. ‘ವಿಕ್ಕಿ’ ಕಂಪನಿಯ ಹೆವಿ ಬಾಲ್ ಒಳ್ಳೆಯ ಚೆಂಡು, ವಾರವಾರ ಆಡುವ ಹುಡುಗರಿಗೆ. ಎರಡು ವರ್ಷ ಕೀಬೋರ್ಡ್ ಕುಟ್ಟಿದ ಬೆರಳುಗಳಿಗೆ ‘ಕಾಸ್ಕೊ’ ಕಂಪನಿಯ ಹಗುರ ಚೆಂಡು ಸಾಕು. ನಮ್ಮ ಮೈದಾನ ಮುರಕಲ್ಲಿನ ಜಲ್ಲಿ, ಯಾವ ಚೆಂಡಿನ ಕೂದಲೂ ಒಂದು ಪಂದ್ಯಕ್ಕಿಂತ ಹೆಚ್ಚು ಉಳಿಯುವುದಿಲ್ಲ, ದುಬಾರಿಯದು ತಂದು ಏನು ಪ್ರಯೋಜನ?

ಶೂ ಇದಕ್ಕಿಂತ ಮುಖ್ಯ. 2020ರಿಂದ ಅಟ್ಟದ ಮೇಲೆ ಇಟ್ಟ ಶೂಗಳನ್ನು ಇಂದೇ ಇಳಿಸಿ, ಅಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಎರಡು ಮಳೆಗಾಲದ ತೇವ ಕುಡಿದ ಪಾಲಿಯುರೆಥೇನ್ ಅಡಿ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ, ಓಡಿದರೆ ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ನನ್ನದೊಂದು ಜತೆ, ಹೆಸರು ಹೇಳುವುದಿಲ್ಲ, ಆರು ಸಾವಿರ ಕೊಟ್ಟದ್ದು, ಅಡಿ ಮಾತ್ರ ಮೈದಾನದಲ್ಲಿ ಉಳಿದು ನಾನು ಮುಂದೆ ಹೋಗಿದ್ದೆ. ಜಲ್ಲಿ ಮೈದಾನಕ್ಕೆ ಚಿಕ್ಕ ರಬ್ಬರ್ ಮುಳ್ಳಿನದು ಸಾಕು. ಹೊಸದಾದರೆ ಪಂದ್ಯದ ದಿನ ಬಿಚ್ಚಬೇಡಿ, ವಾರ ಮೊದಲೇ ಹಾಕಿ ನಡೆಯಿರಿ.

ಜನವರಿಯ ಕೋವಿಡ್ ಅಲೆಯಲ್ಲಿ ಜ್ವರ ಬಂದವರು ನಮ್ಮಲ್ಲೇ ಎಷ್ಟೊಂದು ಮಂದಿ ಇದ್ದಾರೆ. ಬರೀ ನೆಗಡಿಯಂತೆ ಬಂದು ಹೋಯಿತು ಎನ್ನುತ್ತೀರಿ. ಲಕ್ಷಣಗಳು ಪೂರ್ತಿ ಹೋಗಿ ಕನಿಷ್ಠ ಏಳು ದಿನ, ಆಮೇಲೆ ಎರಡು ವಾರ ಹಗುರದ ನಡಿಗೆ, ನಂತರವೇ ಬೆವರು. ಇದು ವೈದ್ಯರು ಹೇಳುವ ಲೆಕ್ಕ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುವವರು, ಸುಮ್ಮನೆ ಕುಳಿತಾಗಲೂ ಎದೆ ಹೊಡೆದುಕೊಳ್ಳುವವರು ಪಂದ್ಯಾಟದ ಪಟ್ಟಿಗೆ ಹೆಸರು ಕೊಡುವ ಮೊದಲು ವೈದ್ಯರಿಗೆ ಕೊಡಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ಹೃದಯಾಘಾತದಿಂದ ಹೋದ ಮೇಲೆ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತವರಲ್ಲಿ ನಮ್ಮ ಬ್ಯಾಚಿನವರೂ ಇದ್ದರು. ಇಸಿಜಿ ಸರಿ ಇದೆ ಎಂದರಂತೆ, ಮರುದಿನದಿಂದ ಮತ್ತೆ ಕುರ್ಚಿ. ಮಲಗಿದ್ದಾಗ ತೆಗೆದ ಇಸಿಜಿ ಓಡಲು ಪರವಾನಗಿ ಅಲ್ಲ. ಮೈದಾನದಲ್ಲಿ ಯಾರಾದರೂ ಕುಸಿದು ಸರಿಯಾಗಿ ಉಸಿರಾಡದೆ ಇದ್ದರೆ ಮುಖಕ್ಕೆ ನೀರು ಚಿಮುಕಿಸುತ್ತ ನಿಲ್ಲಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಐದು ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಲೇ ಇರಲಿ. ಇದನ್ನು ಕಲಿತವರು ಇಬ್ಬರಾದರೂ ಇರಬೇಕು, ಕಾಮೆಂಟರಿಯವನು ಒಬ್ಬನಾಗಿದ್ದರೆ ಒಳ್ಳೆಯದು, ಮೈಕು ಅವನ ಕೈಯಲ್ಲೇ ಇರುತ್ತದೆ. ಮೈದಾನದ ಗೇಟಿಗೆ ಅಡ್ಡ ಕಾರು ನಿಲ್ಲಿಸುವವರನ್ನು ಈಗಲೇ ಗುರುತಿಸಿಟ್ಟುಕೊಳ್ಳಿ. ಪ್ರತಿ ವರ್ಷ ಅದೇ ಇಬ್ಬರು.

ನೀರು. ಮಾರ್ಚ್ 31ಕ್ಕೆ ಕೇಂದ್ರದ ಕೋವಿಡ್ ನಿರ್ಬಂಧಗಳು ಬಹುತೇಕ ಹೋದವು ನಿಜ, ಹಾಗೆಂದು ಒಂದೇ ಬಾಟಲಿಗೆ ಹನ್ನೊಂದು ಬಾಯಿ ಹಚ್ಚುವ ಹಳೆಯ ಪದ್ಧತಿ ಮರಳಬೇಕಾಗಿಲ್ಲ. ಏಪ್ರಿಲ್ ಸೆಕೆಗೆ ಉಪ್ಪು ಹಾಕಿದ ಮಜ್ಜಿಗೆ ನೀರು, ಸೀಯಾಳ, ಗಂಜಿ ತಿಳಿ ಸಾಕು. ಓಆರ್‌ಎಸ್ ತಂದರೆ ಔಷಧ ಅಂಗಡಿಯ ಪುಡಿ ತನ್ನಿ, ಒಂದು ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಅದರ ಬದಲು ಡಬ್ಬಿ ಪಾನಕ ಬೇಡ, ಅವುಗಳಲ್ಲಿ ಸಕ್ಕರೆಯೇ ಹೆಚ್ಚು. ಬಿಯರು ಸಂಜೆಗೆ. ನಾನು ಹೇಳಿದರೂ ಕೇಳದವರಿದ್ದಾರೆ, ಗೊತ್ತು.

ಕೊನೆಗೆ ಆ ಹಗ್ಗಜಗ್ಗಾಟ. ಕೋಳಿ ಸುಕ್ಕ, ನೀರುದೋಸೆ ಹೊಟ್ಟೆಗಿಳಿದ ಅರ್ಧ ಗಂಟೆಗೆ ನಲವತ್ತು ದಾಟಿದವರನ್ನು ಹಗ್ಗಕ್ಕೆ ಕಟ್ಟುವ ಯೋಚನೆ ಯಾರದು? ಇಟ್ಟೇ ಇಡುತ್ತೀರಾದರೆ ಬೆಳಿಗ್ಗೆ ಇಡಿ, ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಲು ಬಿಡಬೇಡಿ. ಅದರ ಬದಲು ವಾಲಿಬಾಲ್ ಹಾಕಿದರೆ ಇನ್ನೂ ಚೆನ್ನ. ಆದರೆ ಬಲೆಯನ್ನು ಪುರುಷರ 2.43 ಮೀಟರಿಗೆ ಬಿಗಿಯಬೇಡಿ, ಮಹಿಳೆಯರ 2.24ಕ್ಕೆ ಇಳಿಸಿ. ಜಿಗಿತ ಕಡಿಮೆಯಾದಷ್ಟೂ ಇಳಿಯುವ ಪೆಟ್ಟು ಕಡಿಮೆ, ಮತ್ತು ನಮ್ಮ ಶಾಲೆಯ ಹುಡುಗಿಯರೂ ಆಡಬಹುದು. ಇಷ್ಟು ವರ್ಷ ಅವರನ್ನು ಬಹುಮಾನ ಹಂಚಲು ಮಾತ್ರ ಕರೆಯುತ್ತಿದ್ದೇವೆ.

ಬಸ್ಸಿನಲ್ಲಿ ಬರುವವರು ಶುಕ್ರವಾರ ರಾತ್ರಿಯೇ ಹೊರಡಿ, ಶನಿವಾರ ಸಂಜೆ ಕಡಲ ದಂಡೆಯಲ್ಲಿ ಅರ್ಧ ಗಂಟೆ ನಡೆಯಿರಿ. ರಜೆ ಸಿಗದವರು ಭಾನುವಾರ ಎರಡನೇ ಪಂದ್ಯದಿಂದ ಆಡಲಿ. ಚೀಟಿ ಎತ್ತುವಾಗ ಅಂಥವರು ಹೆಚ್ಚಿರುವ ತಂಡಗಳನ್ನು ಮಧ್ಯಾಹ್ನಕ್ಕೆ ಹಾಕಿ. ಮೇ 22ಕ್ಕೆ ಮುಂದೂಡಿದರೆ ನಾನು ಊರಿನಲ್ಲೇ ಇರುತ್ತೇನೆ, ಸ್ಕೋರ್ ಬರೆಯಲು ಬರುತ್ತೇನೆ. ಏಪ್ರಿಲ್ 24ಕ್ಕೇ ಇಡುತ್ತೀರಾದರೆ ಐಸ್ ಪೆಟ್ಟಿಗೆ ನನ್ನ ಖರ್ಚಿನಲ್ಲಿ ಕಳುಹಿಸುತ್ತೇನೆ. ಅದರೊಳಗೆ ಬಿಯರು ಇಡಬೇಡಿ.