ಒಂದೇ ಅಡುಗೆ ಉಂಡ ಅಕ್ಕ ತಂಗಿ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ತೂಕದ ಚಿಂತೆಯಿಂದ ನನ್ನ ಬಳಿ ಸಲಹೆಗೆಂದು ಬಸವನಗುಡಿಯಿಂದ ಬಂದ 34 ವರ್ಷದ ಆಕೆ ಮೊದಲ ದಿನ ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡೇ ಕುಳಿತಿದ್ದರು.

"ಮೇಡಂ, ತಂಗಿಯೂ ನಾನೂ ಒಂದೇ ಅಡುಗೆ ಉಂಡು ಬೆಳೆದವರು. ಅವಳು ಕಡ್ಡಿಯಂತಿದ್ದಾಳೆ. ನಾನು ತಟ್ಟೆಯ ಮುಂದೆ ಕುಳಿತರೆ ಸಾಕು, ಅತ್ತೆ 'ಇನ್ನೂ ಒಂದು ಚಪಾತಿಯೇ?' ಎನ್ನುತ್ತಾರೆ."

ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಹಾಕದೆ ಅಡುಗೆಮನೆಯಲ್ಲಿ ಚಕ್ಕುಲಿ ತಿನ್ನುವುದನ್ನು ಹೇಳಲು ಆಕೆಗೆ ಎರಡು ಭೇಟಿ ಬೇಕಾದವು. ಮೂರನೆಯ ಸಲ ಬ್ಯಾಗಿನಿಂದ ಆನ್‌ಲೈನ್‌ನಲ್ಲಿ ತರಿಸಿದ ಹಳದಿ ಪುಡಿ ಹೊರಬಂತು. ಜೀವಕೋಶದೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯವನ್ನು ಚುರುಕುಗೊಳಿಸಿ ಕೊಬ್ಬು ಕರಗಿಸುತ್ತದೆಯಂತೆ. ಚೀಟಿಯಲ್ಲಿ ಡಿಎನ್‌ಪಿ ಎಂದಿತ್ತು, ಡೈನೈಟ್ರೋಫಿನಾಲ್ ಎಂಬ ವಿಷಕಾರಿ ರಾಸಾಯನಿಕ. ನನ್ನ ಕೈ ತಣ್ಣಗಾಯಿತು.

"ಬಾಯಿಗೆ ಹಾಕಿದ್ದೀರಾ?"

"ಇಲ್ಲ ಮೇಡಂ, ಹೆದರಿಕೆಯಾಯಿತು."

ಆ ಹೆದರಿಕೆಯೇ ಆಕೆಯನ್ನು ಕಾಪಾಡಿತು. ನಮ್ಮ ಮನೆಗಳ ಓವರ್‌ಹೆಡ್ ಟ್ಯಾಂಕಿನ ಉದಾಹರಣೆಯಿಂದಲೇ ವಿವರಿಸಿದೆ. ಟ್ಯಾಂಕಿಗೆ ನೀರೇರಿಸುವಂತೆ ಮೈಟೊಕಾಂಡ್ರಿಯ ಆಹಾರದ ಶಕ್ತಿಯಿಂದ ಪ್ರೋಟಾನ್ ಎಂಬ ಸೂಕ್ಷ್ಮ ಕಣಗಳನ್ನು ತನ್ನ ಒಳಪೊರೆಯಾಚೆಗೆ ಪಂಪ್ ಮಾಡುತ್ತದೆ; ಅವು ಮರಳಿ ಹರಿಯುವಾಗ ಜೀವಕೋಶ ಬಳಸುವ ಇಂಧನವಾದ ಎಟಿಪಿ ತಯಾರಾಗುತ್ತದೆ. ಮೈ ಬೆಚ್ಚಗಿಡುವ ಕಂದು ಕೊಬ್ಬಿನಲ್ಲಿರುವ ಯುಸಿಪಿ-1 ಎಂಬ ಪ್ರೋಟೀನ್ ಆ ಹರಿವಿಗೆ ಬೇರೆ ದಾರಿ ಕೊಟ್ಟು, ಶಕ್ತಿಯನ್ನು ಶಾಖವಾಗಿಸುತ್ತದೆ. ಚಳಿಯಾದಾಗ ತೆರೆಯುವ, ದೇಹದ ಹತೋಟಿಯಲ್ಲಿರುವ ನಲ್ಲಿ ಅದು. ಡಿಎನ್‌ಪಿ ಹಾಗಲ್ಲ, ಮೈಯ ಎಲ್ಲೆಡೆ ಆ ಟ್ಯಾಂಕನ್ನು ಹತೋಟಿಯಿಲ್ಲದೆ ಸೋರಿಸಿ ಶಕ್ತಿಯನ್ನು ಶಾಖವಾಗಿಸುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಇದನ್ನು ನುಂಗಿದವರಲ್ಲಿ ಕೆಲವರಿಗೆ ಕಣ್ಣಿನ ಪೊರೆ ಬಂತು, ಕೆಲವರು ಮೈ ಕಾದು ಸತ್ತರು. ಇದಕ್ಕೆ ಪ್ರತಿವಿಷವಿಲ್ಲ. ಪೊಟ್ಟಣವನ್ನು ಅಂದೇ ವೈದ್ಯರ ಕೈಗೆ ಒಪ್ಪಿಸಿದೆವು.

"ಹಾಗಾದರೆ ನಾನು ದಪ್ಪಗಿರುವುದು ನನ್ನ ತಪ್ಪಲ್ಲವೇ?" ಎಂದು ಕೇಳಿದಾಗ ಆಕೆಯ ಕಣ್ಣು ತುಂಬಿತ್ತು. ಅಲ್ಲ ಎಂದೆ. ಒಂದೇ ಎತ್ತರ, ಒಂದೇ ತೂಕದ ಇಬ್ಬರು ಸುಮ್ಮನೆ ಕುಳಿತಾಗಲೂ ಒಂದೇ ಪ್ರಮಾಣದ ಶಕ್ತಿ ವ್ಯಯಿಸುವುದಿಲ್ಲ. ಹಸಿವಿನಲ್ಲೂ ಹುಟ್ಟಿನಿಂದ ಬಂದ ವ್ಯತ್ಯಾಸವಿದೆ. ಉಪವಾಸ ಮಾಡಿ ತೂಕ ಇಳಿಸಿದರೆ ದೇಹ ಖರ್ಚು ತಗ್ಗಿಸಿ ಹಸಿವನ್ನು ಹೆಚ್ಚಿಸುತ್ತದೆ. ಇದನ್ನು ಸೋಮಾರಿತನ ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಥೈರಾಯಿಡ್, ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಿದೆ. ಊಟ ಬಿಡಬೇಡಿ, ರಾತ್ರಿಯೂ ಎಲ್ಲರ ಜೊತೆ ಹೊಟ್ಟೆ ತುಂಬ ಉಣ್ಣಿ, ತಂಗಿಯೊಂದಿಗೆ ಹೋಲಿಸಿಕೊಳ್ಳಬೇಡಿ ಎಂದೆ. ಮುಂದಿನ ಭೇಟಿಗೆ ಅತ್ತೆಯನ್ನೂ ಕರೆಸಿ, ತಟ್ಟೆಯ ಬಗ್ಗೆ ಒಂದು ತಿಂಗಳು ಮಾತೇ ಆಡಬಾರದೆಂದು ಕೇಳಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮಮ್ಮನಿಗೂ ಎಲ್ಲರೂ ಹೀಗೆಯೇ ಅನ್ನುತ್ತಿದ್ದರು" ಎಂದರು.

ನಾಲ್ಕು ತಿಂಗಳಲ್ಲಿ ತೂಕ ಇಳಿದದ್ದು ಎರಡೇ ಕಿಲೋ. ಚಕ್ಕುಲಿ ಡಬ್ಬಿ ಈಗ ಊಟದ ಮೇಜಿನ ಮೇಲಿದೆ. ಸಂಜೆ ಕಾಫಿಗೆ ಅತ್ತೆಯೇ ಅದನ್ನು ಸೊಸೆಯತ್ತ ಸರಿಸುತ್ತಾರಂತೆ.