ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಜಕ್ಕೂ ಎಷ್ಟು ದೂರ?

ಆಗಸ್ಟ್‌ನಲ್ಲಿ ಕೆಲಸಕ್ಕೆಂದು ಈ ಕಡೆ ಬರುತ್ತಿದ್ದೀರಿ, ಸಂತೋಷ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಎಷ್ಟು ದೂರ, ಅರ್ಜೆಂಟ್ ಅಂದರೆ ಒಂದೇ ದಿನದಲ್ಲಿ ಊರು ಮುಟ್ಟಬಹುದಾ, ಬಾಡಿಗೆ ಹೇಗೆ, ಕುಕ್ಕರ್ ತರಬೇಕಾ ಅಂತ ಕೇಳಿದ್ದೀರಿ. ಬಾಡಿಗೆ ಜಾಸ್ತಿ. ಮೊದಲ ವರ್ಷ ಯಾರ ಜೊತೆಗಾದರೂ ಮನೆ ಹಂಚಿಕೊಳ್ಳಿ.

ದೂರ ಸುಮಾರು 14,000 ಕಿಲೋಮೀಟರ್. ಗೋಡೆ ಮೇಲಿನ ಮ್ಯಾಪ್ ನೋಡಿ ಲೆಕ್ಕ ಹಾಕಬೇಡಿ. ಗ್ಲೋಬ್ ಮೇಲೆ ದಾರ ಎಳೆದು ನೋಡಿ, ಅದು ಸೈಬೀರಿಯಾ ಹತ್ತಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಇಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಿಟ್ಟಾಗ ಅದು ಉತ್ತರ ಧ್ರುವದ ಮೇಲೆಯೇ ಹಾರಿತು. ಪೈಲಟ್‌ಗಳೆಲ್ಲ ಹೆಂಗಸರು. ನಮ್ಮ ಹಳ್ಳಿಗೆ ಡಾಂಬರು ರಸ್ತೆ ಬಂದಷ್ಟು ಹೆಮ್ಮೆಯಾಗಿತ್ತು ನನಗೆ. ಆದರೆ ಇಂಥ ನೇರ ವಿಮಾನಗಳು ನಡುನಡುವೆ ನಿಂತೂ ಹೋಗುತ್ತವೆ, ಅದನ್ನೇ ನಂಬಿ ಕೂರಬೇಡಿ. ದುಬೈ ಮೇಲೆ ಬಂದರೆ ಸುಮಾರು 15,700 ಕಿಲೋಮೀಟರ್, ಫ್ರಾಂಕ್‌ಫರ್ಟ್ ಮೇಲೆ 16,500. ವ್ಯತ್ಯಾಸ ಅಂಥದ್ದೇನಿಲ್ಲ ಅಲ್ವಾ? ಹೊತ್ತು ಹೋಗುವುದೆಲ್ಲ ನಡುವೆ ಕಾಯುವುದರಲ್ಲಿ.

ಇನ್ನು ಆ ಒಂದು ದಿನದ ಮಾತು. ನಾನು ಹೊರಟಾಗ ನಮ್ಮಜ್ಜಿ ಕೇಳಿದ್ದೂ ಇದನ್ನೇ. "ಒಂದೇ ದಿನದ ದಾರಿ ಅಜ್ಜಿ" ಅಂದಿದ್ದೆ. ಲೆಕ್ಕ ನೋಡಿ. ಬೇಸಿಗೆಯಲ್ಲಿ ಊರಿನ ಗಡಿಯಾರ ಇಲ್ಲಿಗಿಂತ ಹನ್ನೆರಡೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಶುಕ್ರವಾರ ಸಂಜೆ ಹತ್ತಿದರೆ ದೇವನಹಳ್ಳಿಯಲ್ಲಿ ಇಳಿಯುವಾಗ ಭಾನುವಾರ. ಅಲ್ಲಿಂದ ನಮ್ಮ ಸಾಗರಕ್ಕೆ ಕಾರಿನಲ್ಲಿ ಇನ್ನೂ ಏಳೆಂಟು ಗಂಟೆ.

ಅಜ್ಜಿ ಹೋದಾಗ ಚಿಕ್ಕಪ್ಪ ಫೋನ್ ಮಾಡಿ "ನಿನಗೆ ಕಾಯೋದಾ?" ಅಂದರು. ಮಳೆಗಾಲ ಬೇರೆ, ಮನೆ ತುಂಬ ಜನ, ಒಲೆ ಹಚ್ಚುವ ಹಾಗಿಲ್ಲ. ನಿಮಗೆ ಗೊತ್ತಿರುತ್ತದೆ. "ಬೇಡ, ಮುಗಿಸಿಬಿಡಿ" ಅಂದೆ. ಸಿಕ್ಕ ಟಿಕೆಟ್‌ನಲ್ಲಿ ಹೋಗಿ ಕಾರ್ಯದ ಊಟಕ್ಕೆ ಕೂತೆ. ನೆಂಟರೆಲ್ಲ ಪ್ರಯಾಣ ಸುಖವಾಯ್ತಾ ಅಂತ ಕೇಳುತ್ತಿದ್ದರು. ಹೂಂ ಅನ್ನುತ್ತಿದ್ದೆ. ಬೇಡ ಅಂದಿದ್ದು ಸರಿಯೇ, ಆದರೂ ಆ ಮಾತು ನನ್ನ ಬಾಯಿಂದಲೇ ಬರಬೇಕಾಯ್ತಲ್ಲ ಅನ್ನೋದು ಇವತ್ತಿಗೂ ಹೋಗಿಲ್ಲ.

ಹಾಗಾಗಿ ಮನೆಯವರಿಗೆ ಎರಡು ದಿನ ಅಂತಲೇ ಹೇಳಿ ಹೊರಡಿ. ಕಾಯಬೇಕಾ ಬೇಡವಾ ಅನ್ನೋದನ್ನೂ ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಮಾತಾಡಿ. "ಬಿಡ್ತು ಅನ್ನು" ಅಂತ ಬೈಯುತ್ತಾರೆ, ಬೈಯಲಿ. ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ತಾರೀಖಿನ ಮೇಲೂ ಕಣ್ಣಿರಲಿ. ಅದು ಮುಗಿದಿದ್ದರೆ ಇಲ್ಲಿ ಕೆಲಸ ಮಾಡಿಕೊಂಡಿರಬಹುದು, ಊರಿಗೂ ಹೋಗಬಹುದು. ವಾಪಸ್ ಬರಬೇಕಾದರೆ ಮಾತ್ರ ಹೊಸ ಸ್ಟ್ಯಾಂಪ್ ಬೇಕು, ಅದಕ್ಕೆ ಸ್ಲಾಟ್, ಅಂದರೆ ಅಮೆರಿಕದ ಕಾನ್ಸುಲೇಟಿನಲ್ಲಿ ಸಂದರ್ಶನದ ತಾರೀಖು, ಸಿಗಬೇಕು. ಎಷ್ಟೋ ಜನ ಈ ಹೆದರಿಕೆಗೇ ಹೊರಡುವುದಿಲ್ಲ. ಯುರೋಪಿನ ಮೇಲೆ ಹೋಗುವುದಾದರೆ ಟ್ರಾನ್ಸಿಟ್ ವೀಸಾ ಬೇಕಾ ಅಂತ ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ.

ಕುಕ್ಕರ್ ತನ್ನಿ. ಚೆಕ್-ಇನ್ ಬ್ಯಾಗಿಗೆ ಹಾಕಿ, ಒಳಗೆ ಬಟ್ಟೆ ತುರುಕಿದರೆ ಜಾಗವೂ ಉಳಿಯುತ್ತದೆ.