ಸಣ್ಣ ಸೇವಾ ಸಂಸ್ಥೆಗೆ ದತ್ತಾಂಶ ವಿಶ್ಲೇಷಣೆಯಿಂದ ಏನು ಉಪಯೋಗ?
ಲಾಭದ ಉದ್ದೇಶವಿಲ್ಲದ ಸಣ್ಣ ಸಂಸ್ಥೆಯೊಂದು ದತ್ತಾಂಶ ವಿಶ್ಲೇಷಣೆಯನ್ನು ಹೇಗೆ ಬಳಸಿಕೊಳ್ಳಬಹುದು, ಅದಕ್ಕೆ ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಎಂದು ಕೇಳಿದ್ದೀರಿ. ಅಂಥ ಸಂಸ್ಥೆಯೊಂದರ ಲೆಕ್ಕ ಮತ್ತು ವರದಿಗಳನ್ನು ಕೆಲವು ವರ್ಷ ನೋಡಿಕೊಂಡವನಾಗಿ ಹೇಳುವುದಾದರೆ, ಸಾಫ್ಟ್‌ವೇರ್ ಮಾತು ಸದ್ಯಕ್ಕೆ ಬೇಡ. ಕೆಲವು ಸಾವಿರ ಸಾಲುಗಳ ಮಾಹಿತಿಗೆ ಎಕ್ಸೆಲ್ ಧಾರಾಳವಾಗಿ ಸಾಕು. ಉತ್ತರ ದೊರೆತರೆ ಸಂಸ್ಥೆಯ ಯಾವ ತೀರ್ಮಾನ ಬದಲಾಗುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಯಾವುದೂ ಬದಲಾಗದಿದ್ದರೆ ಆ ಮಾಹಿತಿಯನ್ನು ಸಂಗ್ರಹಿಸುವ ಶ್ರಮವೇ ವ್ಯರ್ಥ.

ದೇಣಿಗೆಯಿಂದ ಆರಂಭಿಸುವುದು ಸುಲಭ, ಏಕೆಂದರೆ ಹೆಸರು, ದಿನಾಂಕ, ಮೊತ್ತ ಮೂರೂ ರಸೀದಿಗಳಲ್ಲೇ ಇರುತ್ತವೆ. ಕಳೆದ ವರ್ಷ ಕೊಟ್ಟ 200 ಮಂದಿಯಲ್ಲಿ 80 ಮಂದಿ ಮಾತ್ರ ಈ ವರ್ಷವೂ ಕೊಟ್ಟಿದ್ದರೆ ಉಳಿದುಕೊಂಡವರು ಶೇ. 40, ಒಬ್ಬರೇ ದೊಡ್ಡ ದಾನಿಯ ದೆಸೆಯಿಂದ ಒಟ್ಟು ಮೊತ್ತ ಏರಿರುವಾಗ ಈ ಸೋರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿಯೊಬ್ಬರೂ ಕಡೆಯ ಸಲ ಕೊಟ್ಟದ್ದು ಯಾವಾಗ, ಈವರೆಗೆ ಎಷ್ಟು ಸಲ, ಒಟ್ಟು ಎಷ್ಟು ಎಂದು ವಿಂಗಡಿಸಿದರೆ ಯಾರಿಗೆ ಮೊದಲು ಫೋನ್ ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. (ನಾನು ಈ ಕೆಲಸಕ್ಕೆ ಕೈಹಾಕಿದಾಗ ಒಬ್ಬರೇ ದಾನಿ ಮೂರು ಬಗೆಯ ಕಾಗುಣಿತದಲ್ಲಿ ಮೂವರಾಗಿ ಪಟ್ಟಿಯಲ್ಲಿದ್ದರು, ಹೆಚ್ಚಿನ ಸಮಯ ಹೆಸರುಗಳನ್ನು ಸರಿಪಡಿಸುವುದರಲ್ಲೇ ಕಳೆಯಿತು.)

ನಿಜವಾಗಿ ಕಷ್ಟವಿರುವುದು ಕಾರ್ಯಕ್ರಮದ ಫಲವನ್ನು ಅಳೆಯುವುದರಲ್ಲಿ. ಇಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂಬುದು ಕೆಲಸದ ಲೆಕ್ಕವೇ ಹೊರತು ಫಲದ ಲೆಕ್ಕವಲ್ಲ. ಆರು ತಿಂಗಳ ನಂತರ ಅವರಲ್ಲಿ ಎಷ್ಟು ಜನ ಆ ಕೌಶಲವನ್ನು ಬಳಸುತ್ತಿದ್ದಾರೆ ಎಂದು ಕೇಳಬೇಕು, ನಡುವೆ ಬಿಟ್ಟುಹೋದವರನ್ನೂ ಲೆಕ್ಕದೊಳಗೇ ಇಟ್ಟುಕೊಳ್ಳಬೇಕು. ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು, ನಾನೂ ಮಾಡಿದ್ದೇನೆ. ಒಂದು ಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಪಡೆದ ಮಕ್ಕಳನ್ನೇ ಆರಿಸಿ ಪಾಠ ಹೇಳಿದರೆ ಮುಂದಿನ ಪರೀಕ್ಷೆಯಲ್ಲಿ ಅವರ ಸರಾಸರಿ ಸಾಮಾನ್ಯವಾಗಿ ಏರುತ್ತದೆ. ಆದರೆ ಮೊದಲ ದಿನ ಜ್ವರವೋ ಗಾಬರಿಯೋ ಇದ್ದವರೂ ಆ ಗುಂಪಿನಲ್ಲಿರುವುದರಿಂದ, ಪಾಠವಿಲ್ಲದಿದ್ದರೂ ಸ್ವಲ್ಪ ಏರಿಕೆ ಕಾಣುತ್ತಿತ್ತು. ಆದ್ದರಿಂದ ಹೋಲಿಕೆಗೆ ಅಂಥದೇ ಮತ್ತೊಂದು ಗುಂಪು ಬೇಕು. ಅರ್ಜಿಗಳು ಸ್ಥಳಾವಕಾಶಕ್ಕಿಂತ ಹೆಚ್ಚು ಬಂದಾಗ ಚೀಟಿ ಎತ್ತಿ ಆರಿಸಿದರೆ ಅನ್ಯಾಯವೂ ಆಗದು, ಹೋಲಿಕೆಯ ಗುಂಪೂ ಸಿಗುತ್ತದೆ. ಬಡತನ ನಿವಾರಣೆಯ ಕ್ರಮಗಳನ್ನು ಹೀಗೆ ಯಾದೃಚ್ಛಿಕ ಆಯ್ಕೆಯಿಂದ ಪರೀಕ್ಷಿಸುವ ಪ್ರಾಯೋಗಿಕ ವಿಧಾನಕ್ಕಾಗಿಯೇ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಕ್ರೆಮರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ಕಂಡುಕೊಂಡದ್ದನ್ನು ಆಡಳಿತ ಮಂಡಳಿಗೆ ಒಂದೇ ಚಿತ್ರದಲ್ಲಿ ತೋರಿಸಿ. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಮನಗಾಣಿಸಿದ್ದು ಬಣ್ಣದ ವೃತ್ತಾಕಾರದ ನಕ್ಷೆಯ ಮೂಲಕ.

ವರದಿಯನ್ನು ಹೊರಗೆ ಕೊಡುವ ಮುನ್ನ ಫಲಾನುಭವಿಗಳ ಹೆಸರು ಅಳಿಸಿದರೆ ಸಾಲದು. ಜನ್ಮದಿನಾಂಕ, ಲಿಂಗ, ಅಂಚೆ ಸಂಖ್ಯೆ ಒಟ್ಟಿಗೆ ಇದ್ದರೆ ವ್ಯಕ್ತಿಯನ್ನು ಗುರುತಿಸುವುದು ಬಹಳಷ್ಟು ಸಲ ಸಾಧ್ಯವಾಗುತ್ತದೆ. ಜನ್ಮದಿನಾಂಕದ ಬದಲು ವಯೋಮಾನದ ಗುಂಪನ್ನು ಬರೆಯಿರಿ. ನಾಲ್ಕೈದು ಜನರಷ್ಟೇ ಇರುವ ಗುಂಪುಗಳನ್ನು ಪ್ರತ್ಯೇಕವಾಗಿ ತೋರಿಸದೆ ದೊಡ್ಡ ಗುಂಪಿನೊಳಗೆ ಸೇರಿಸಿಬಿಡಿ.